ನಾಳೆ ಬರಬೇಕೋ, ಬೇಡವೋ?

ಬೆಳಿಗ್ಗೆ ಏಳೂವರೆ. ಹುಬ್ಬಳ್ಳಿಯೋ ಕಲಬುರಗಿಯೋ ಬೆಂಗಳೂರೋ, ಊರು ಯಾವುದಾದರೂ ಕೂಲಿಯವರು ಬಂದು ನಿಲ್ಲುವ ಒಂದು ಸರ್ಕಲ್ ಅಲ್ಲಿ ಇದ್ದೇ ಇರುತ್ತದೆ. ಗಂಡಸರ ಕೈಚೀಲದಿಂದ ಕರಣೆಯ ಹಿಡಿ ಇಣುಕುತ್ತಿರುತ್ತದೆ. ಹೆಂಗಸರು ಸೀರೆಯ ಮೇಲೆ ಮನೆಯವರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಬುತ್ತಿಯ ಡಬ್ಬಿ ಹಿಡಿದು ತುಸು ದೂರ ನಿಂತಿರುತ್ತಾರೆ. ಒಂದು ಗೂಡ್ಸ್ ಗಾಡಿ ವೇಗ ತಗ್ಗಿಸಿದರೆ ಸಾಕು, ಇಡೀ ಗುಂಪು ಅತ್ತ ನುಗ್ಗುತ್ತದೆ. ಮೇಸ್ತ್ರಿ ಗಾಡಿಯಿಂದ ಇಳಿಯುವುದೂ ಇಲ್ಲ. "ಇಬ್ಬರು ಗೌಂಡಿ, ನಾಲ್ಕು ಹೆಣ್ಣಾಳು" ಎನ್ನುತ್ತಾನೆ. ಆರು ಜನ ಹತ್ತುತ್ತಾರೆ, ಉಳಿದವರು ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಇವತ್ತು ಕೆಲಸವಿಲ್ಲ ಎಂಬುದು ಎಲ್ಲರಿಗೂ ಖಾತ್ರಿಯಾಗುತ್ತದೆ. ಆಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಹೆಂಗಸರು ಡಬ್ಬಿ ಹಿಡಿದುಕೊಂಡು ಬೇಗ ಬೇಗ ಮನೆಯ ಕಡೆ ನಡೆಯುತ್ತಾರೆ. ನೆನೆಹಾಕಿದ ಬಟ್ಟೆ ಇದೆ, ನೀರು ಬಿಡುವ ಹೊತ್ತಾಗಿದೆ. ಗಂಡಸರು ಹೋಗುವುದಿಲ್ಲ. ಟೀ ಅಂಗಡಿಯ ಕಟ್ಟೆಯ ಮೇಲೆ, ಬಸ್ ನಿಲ್ದಾಣದ ಬೆಂಚಿನ ಮೇಲೆ, ಮರದ ಬುಡದಲ್ಲಿ ಕೂರುತ್ತಾರೆ. ಸಂಜೆ, ಕೆಲಸ ಸಿಕ್ಕಿದ್ದರೆ ಯಾವ ಹೊತ್ತಿಗೆ ಮನೆ ಮುಟ್ಟುತ್ತಿದ್ದರೋ ಅದೇ ಹೊತ್ತಿಗೆ ಮನೆ ಸೇರುತ್ತಾರೆ. ನಡುಹಗಲಿನಲ್ಲಿ ಬರಿಗೈಯಲ್ಲಿ ಹೊಸಿಲು ದಾಟುವುದಕ್ಕಿಂತ ಬಿಸಿಲಲ್ಲಿ ಕೂರುವುದೇ ಅವರಿಗೆ ಸಲೀಸು.

ನಾಳೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದ ಬದುಕು ಮನಸ್ಸನ್ನು ಏನು ಮಾಡುತ್ತದೆ, ಗಂಡಸಿಗೂ ಹೆಂಗಸಿಗೂ ಅದರ ಪೆಟ್ಟು ಏಕೆ ಬೇರೆ ಬೇರೆ ಕಡೆ ಬೀಳುತ್ತದೆ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಹತ್ತು ಗಂಟೆಯನ್ನು.

ಸರ್ಕಲ್ ದಾಟಿ ಬಂದ ಸಂಕಟ

ಹಿಂದೆ ಇದು ದಿನಗೂಲಿಯವರ ಪಾಡು ಎಂದು ಉಳಿದವರು ಸುಮ್ಮನಿರಬಹುದಿತ್ತು. ಈಗ ಹಾಗಿಲ್ಲ. ಸರ್ಕಾರಿ ಪದವಿ ಕಾಲೇಜಿನಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರು, ಆಸ್ಪತ್ರೆಯ ಗುತ್ತಿಗೆ ನರ್ಸ್, ತಾಲ್ಲೂಕು ಕಚೇರಿಯ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್, ಊಟ ತಂದುಕೊಡುವ ಹುಡುಗ, ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಲಾಗಿನ್ ಆಗದೆ ಕೆಲಸ ಹೋಗಿದೆ ಎಂದು ತಿಳಿದುಕೊಳ್ಳುವ ಐಟಿ ಎಂಜಿನಿಯರ್ ಎಲ್ಲರೂ ಒಂದೊಂದು ಬಗೆಯಲ್ಲಿ ಆ ಸರ್ಕಲ್‌ನಲ್ಲೇ ನಿಂತಿದ್ದಾರೆ.

ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಬಲ ಸಮೀಕ್ಷೆಯ ಒಂದು ಅಂಕಿ ನೋಡಿ. ಕೃಷಿಯ ಹೊರಗೆ ತಿಂಗಳ ಸಂಬಳಕ್ಕೆ ದುಡಿಯುವವರಲ್ಲಿ ನೂರಕ್ಕೆ 58 ಜನರ ಬಳಿ ಕೆಲಸದ ಬಗ್ಗೆ ಯಾವ ಲಿಖಿತ ಒಪ್ಪಂದವೂ ಇಲ್ಲ. ಸುಮಾರು 47 ಜನರಿಗೆ ಸಂಬಳ ಸಹಿತ ರಜೆ ಇಲ್ಲ. ಇದು ದಿನಗೂಲಿಯವರ ಲೆಕ್ಕ ಅಲ್ಲ, "ನಮ್ಮ ಹುಡುಗನಿಗೆ ಕೆಲಸ ಸಿಕ್ಕಿತು" ಎಂದು ನೆಂಟರಿಗೆ ಫೋನ್ ಮಾಡಿ ಹೇಳುವಂಥ ಕೆಲಸಗಳ ಲೆಕ್ಕ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಂದು ಹಳೆಯ ನಂಟೂ ಇದೆ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರಿಂದ ದಿನಗೂಲಿ ಮೇಲೆ ದುಡಿಯುತ್ತಿದ್ದವರು ತಮ್ಮನ್ನು ಕಾಯಂ ಮಾಡಿ ಎಂದು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪು 'ಉಮಾದೇವಿ ಪ್ರಕರಣ' ಎಂದೇ ಹೆಸರಾಗಿದೆ. ನಿಯಮದಂತೆ ನೇಮಕವಾಗದವರು ಎಷ್ಟು ವರ್ಷ ದುಡಿದಿದ್ದರೂ ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂಬುದು ಅದರ ಸಾರ. ಆಗಲೇ ಹತ್ತು ವರ್ಷ ಮೀರಿ ದುಡಿದಿದ್ದ ಕೆಲವರಿಗೆ ಒಂದು ಸಲದ ಅವಕಾಶವನ್ನೂ ಅದೇ ತೀರ್ಪು ಕೊಟ್ಟಿತ್ತು. ಕಚೇರಿಗಳಲ್ಲಿ ನೆನಪುಳಿದದ್ದು ಮಾತ್ರ ಮೊದಲ ಭಾಗ. ದಶಕಗಟ್ಟಲೆ ದುಡಿಸಿಕೊಂಡವರನ್ನು ಹೊರಗಿಡಲು ಈ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದು ಎಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಬೇಕಾಯಿತು. ನಡುವೆ ಹದಿನೆಂಟು ವರ್ಷ ಕಳೆದಿತ್ತು. ಅಷ್ಟು ಹೊತ್ತಿಗೆ ಎಷ್ಟೋ ಜನರ ಕೂದಲು ಬೆಳ್ಳಗಾಗಿತ್ತು.

ಕಲ್ಲಿನಡಿಯ ಹಾವು

ಸಂಬಳ ಕಡಿಮೆ ಇರುವುದು ಒಂದು ಕಷ್ಟ, ಸಂಬಳ ಬರುತ್ತದೋ ಇಲ್ಲವೋ ತಿಳಿಯದಿರುವುದು ಇನ್ನೊಂದು ಕಷ್ಟ. ಎರಡನೆಯದು ಮನಸ್ಸಿಗೆ ಏಕೆ ಹೆಚ್ಚು ಭಾರ ಎಂಬುದನ್ನು ಲಂಡನ್ನಿನ ಒಂದು ಪ್ರಯೋಗ ಚೆನ್ನಾಗಿ ತೋರಿಸುತ್ತದೆ. ಯೂನಿವರ್ಸಿಟಿ ಕಾಲೇಜ್ ಲಂಡನ್ ಸಂಶೋಧಕರು 2016ರಲ್ಲಿ ಪ್ರಕಟಿಸಿದ್ದು ಇದು. 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲೆ ಕಲ್ಲು ಬರುತ್ತದೆ, ಅದರಡಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋಯುವಂಥ ಸಣ್ಣ ಕರೆಂಟ್ ಶಾಕ್. ಆಡುವವರ ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ ಇವನ್ನೆಲ್ಲ ಅಳೆದರು.

ಶಾಕ್ ಖಂಡಿತ ಬಂದೇ ಬರುತ್ತದೆ ಎಂದು ಗೊತ್ತಿದ್ದಾಗ ಜನ ಅಷ್ಟೊಂದು ಕಂಗೆಡಲಿಲ್ಲ. ಬರಲೂಬಹುದು, ಬರದಿರಲೂಬಹುದು, ಸರಿಯಾಗಿ ಅರ್ಧಕ್ಕರ್ಧ ಎಂದಾದಾಗ ಒತ್ತಡ ತುದಿ ಮುಟ್ಟಿತು.

ಪ್ರತಿ ವರ್ಷ ಅರ್ಜಿ ಹಾಕಿ, ಕೌನ್ಸೆಲಿಂಗ್‌ಗೆ ಕಾಯುವ ಅತಿಥಿ ಉಪನ್ಯಾಸಕರಿಗೆ ಈ ಕಲ್ಲು, ಈ ಹಾವು ಎರಡೂ ಗೊತ್ತು. ಈ ವರ್ಷ ಅದೇ ಕಾಲೇಜು ಸಿಗುತ್ತದೆಯೇ? ಸಿಕ್ಕರೂ ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ತಮ್ಮ ಕಾರ್ಯಭಾರ ಉಳಿಯುತ್ತದೆಯೇ? ಮಕ್ಕಳನ್ನು ಆ ಊರಿನ ಶಾಲೆಗೆ ಸೇರಿಸಬೇಕೋ, ಬೇಡವೋ? ಕೆಲಸ ಹೋಗಿಯೇ ಹೋಯಿತು ಎಂದರೆ ಮನುಷ್ಯ ಅತ್ತು, ಬೈದು, ಇನ್ನೊಂದು ದಾರಿ ಹುಡುಕುತ್ತಾನೆ. ಹೋಗಬಹುದು ಎಂದಾಗ ಏನು ಮಾಡಲೂ ಬರುವುದಿಲ್ಲ. ಅಪಾಯ ಬಂದಾಗ ಓಡಲು ದೇಹ ಸಜ್ಜಾಗುತ್ತದಲ್ಲ, ಎದೆಬಡಿತ ಏರಿ, ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತಕ್ಕೆ ಇಳಿದು, ಆ ಸಜ್ಜು ಗಳಿಗೆ ಹೊತ್ತಿನದು. ಅದನ್ನೇ ವರ್ಷಗಟ್ಟಲೆ ಹೊತ್ತರೆ ಮೊದಲು ನಿದ್ದೆ ಕೆಡುತ್ತದೆ, ಆಮೇಲೆ ಸಿಟ್ಟು ಹತ್ತಿರವಾಗುತ್ತದೆ, ಕೊನೆಗೆ ಯಾವುದರಲ್ಲೂ ರುಚಿ ಇಲ್ಲದಂತಾಗುತ್ತದೆ.

ಕೆಲಸ ಹೋಗುವ ಮೊದಲೇ ಆರೋಗ್ಯ ಹೋಗಬಲ್ಲದು ಎಂಬುದಕ್ಕೆ ಬ್ರಿಟನ್ನಿನಲ್ಲಿ ಗಟ್ಟಿ ಪುರಾವೆಯಿದೆ. ಲಂಡನ್ನಿನ 10,308 ಸರ್ಕಾರಿ ನೌಕರರ ಆರೋಗ್ಯವನ್ನು 1985ರಿಂದ ಬೆನ್ನಟ್ಟಿದ ಅಧ್ಯಯನಕ್ಕೆ 'ವೈಟ್‌ಹಾಲ್ 2' ಎಂದು ಹೆಸರು. ಮೈಕೆಲ್ ಮಾರ್ಮಟ್ ಅದರ ಮುಂದಾಳು. ಅಧ್ಯಯನ ನಡೆಯುತ್ತಿರುವಾಗಲೇ ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಒಂದು ಇಲಾಖೆಯನ್ನು ಖಾಸಗಿಯವರಿಗೆ ಮಾರುವ ಸುದ್ದಿ ಹಬ್ಬಿತು. ಇನ್ನೂ ಯಾರ ಕೆಲಸವೂ ಹೋಗಿರಲಿಲ್ಲ. ಆದರೂ ಆ ಇಲಾಖೆಯವರ ಆರೋಗ್ಯ ಉಳಿದ ಇಲಾಖೆಗಳವರಿಗಿಂತ ಕುಸಿಯತೊಡಗಿತ್ತು. ಈ ಫಲಿತಾಂಶ 1995ರಲ್ಲಿ ಪ್ರಕಟವಾಯಿತು.

ಗಡಿಯಾರ ಬಿಟ್ಟ ಗಂಡಸರು

ಗಂಡಸು, ಹೆಂಗಸು ಎಂಬ ವ್ಯತ್ಯಾಸಕ್ಕೆ ಬರೋಣ. ಇದನ್ನು ಬಹಳ ಹಿಂದೆಯೇ ಕಣ್ಣಿಟ್ಟು ನೋಡಿದ್ದು ಆಸ್ಟ್ರಿಯಾದ ಮಾರಿಯೆಂತಾಲ್ ಎಂಬ ಹಳ್ಳಿಯಲ್ಲಿ. ಊರಿಗೆ ಊರೇ ನೆಚ್ಚಿಕೊಂಡಿದ್ದ ನೂಲಿನ ಗಿರಣಿ ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ ಮುಚ್ಚಿತು. ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಯುವ ಸಂಶೋಧಕರು ಅಲ್ಲಿ ಹೋಗಿ ನೋಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಅವರು ಮನೆಮನೆ ಸುತ್ತಿದ್ದಷ್ಟೇ ಅಲ್ಲ, ಮರೆಯಲ್ಲಿ ನಿಂತು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಗಡಿಯಾರ ಹಿಡಿದು ಅಳೆದರು.

ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಎಷ್ಟೋ ಜನ ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಹೆಂಗಸರು ನಿಲ್ಲದೆ ಸರಸರನೆ ನಡೆಯುತ್ತಿದ್ದರು. ಅವರ ಗಿರಣಿಯ ಕೆಲಸ ಹೋಗಿತ್ತು, ಮನೆಯ ಕೆಲಸ ಹೋಗಿರಲಿಲ್ಲ. ಇದ್ದ ಚೂರುಪಾರಿನಲ್ಲಿ ಸಂಸಾರ ತೂಗಿಸುವ ಕೆಲಸ ಮೊದಲಿಗಿಂತ ಹೆಚ್ಚಾಗಿತ್ತು. ಇಷ್ಟಾದರೂ ಗಿರಣಿಗೆ ಮರಳುವುದಾದರೆ ಸಿದ್ಧ ಎಂದೇ ಹಲವು ಹೆಂಗಸರು ಹೇಳಿದರು. ಹಣದ ಜೊತೆಗೆ ಅಲ್ಲಿ ಜನ ಇದ್ದರು, ಮಾತು ಇತ್ತು, ನಾಲ್ಕು ಗೋಡೆಯ ಆಚೆ ಒಂದು ಲೋಕ ಇತ್ತು.

ಸುಮಾರು ತೊಂಬತ್ತು ವರ್ಷ ಹಿಂದಿನ ಆ ಬೀದಿಗೂ ನಮ್ಮ ಹತ್ತು ಗಂಟೆಯ ಸರ್ಕಲ್‌ಗೂ ಎಷ್ಟು ಹೋಲಿಕೆ!

ದುಡಿದು ತರುವವನು ಎಂಬುದೇ ಗಂಡಸಿನ ಹೆಸರಾಗಿರುವ ಸಮಾಜದಲ್ಲಿ ಕೆಲಸದ ಅಭದ್ರತೆ ನೇರವಾಗಿ ಅವನ ಹೆಸರಿಗೇ ತಾಗುತ್ತದೆ. ನಮ್ಮ ಮದುವೆ ಮಾತುಕತೆಗಳಲ್ಲಿ ಹುಡುಗನ ಬಗ್ಗೆ ಕೇಳುವ ಮೊದಲ ಪ್ರಶ್ನೆ "ಪರ್ಮನೆಂಟ್ ಆಗಿದೆಯಾ?" ಎಂಬುದು. ಎಂ.ಎ., ನೆಟ್, ಪಿಎಚ್.ಡಿ. ಎಲ್ಲ ಇದ್ದು, ಹದಿನೈದು ವರ್ಷ ಪಾಠ ಮಾಡಿ, ಈ ಒಂದು ಪ್ರಶ್ನೆಗೆ ತಲೆತಗ್ಗಿಸಬೇಕಾದ ಗಂಡಸರು ರಾಜ್ಯದಲ್ಲಿ ಒಬ್ಬಿಬ್ಬರಲ್ಲ. ನೇಮಕಾತಿಯ ಅಧಿಸೂಚನೆ ಹೊರಡುವಷ್ಟರಲ್ಲಿ ವಯೋಮಿತಿ ದಾಟಿರುತ್ತದೆ. ಅವರು ಮದುವೆ ಮನೆಗಳಿಗೆ ಹೋಗುವುದನ್ನು ಬಿಡುತ್ತಾರೆ, ಹಳೆಯ ಸಹಪಾಠಿಗಳ ವಾಟ್ಸ್‌ಆ್ಯಪ್ ಗುಂಪಿನಿಂದ ಸದ್ದಿಲ್ಲದೆ ಹೊರಬರುತ್ತಾರೆ. ಖಿನ್ನತೆ ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ. "ತಲೆ ಕೆಟ್ಟುಹೋಗಿದೆ" ಎನ್ನುತ್ತಾರೆ, ಅಥವಾ ಏನೂ ಅನ್ನುವುದಿಲ್ಲ. ಕೆಲವರಲ್ಲಿ ಅದು ಕುಡಿತವಾಗಿ, ಮನೆಮಂದಿಯ ಮೇಲಿನ ರೇಗಾಟವಾಗಿ ಹೊರಬರುತ್ತದೆ. ಆ ರೇಗಾಟಕ್ಕೆ ಮೈಯೊಡ್ಡುವವಳು ಬಹುಪಾಲು ಹೆಂಡತಿ, ಅವಳದೂ ಗುತ್ತಿಗೆ ಕೆಲಸವೇ ಆಗಿರುತ್ತದೆ.

ನೋವು ಮೈಗೆ ಇಳಿದಾಗ

ಬೆಂಗಳೂರಿನ ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್ ಗೇಟಿನ ಮುಂದೆ ಬೆಳಿಗ್ಗೆ ಓಡುತ್ತಾ ಬರುವ ಹೆಣ್ಣುಮಕ್ಕಳನ್ನು ನೋಡಿ. ಕೆಲವು ನಿಮಿಷ ತಡವಾದರೂ ಸೂಪರ್‌ವೈಸರ್‌ನ ಮಾತು ಕೇಳಬೇಕು. ಲೈನಿನಲ್ಲಿ ಒಬ್ಬಳು ಕಾಲರ್ ಕೂರಿಸಿದರೆ ಇನ್ನೊಬ್ಬಳು ತೋಳು ಜೋಡಿಸಬೇಕು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನ ಮೇಲೆ ಬರೆದಿರುತ್ತದೆ. ಟಾರ್ಗೆಟ್ ಮುರಿಯಬಾರದು ಎಂದು ನೀರು ಕಡಿಮೆ ಕುಡಿಯುತ್ತಾರೆ, ಮೂತ್ರಕ್ಕೆ ಏಳುವುದನ್ನು ತಡೆಯುತ್ತಾರೆ. ಆರ್ಡರ್ ಕಡಿಮೆಯಾದರೆ ಯಾರಿಗೆ ಮೊದಲು "ನಾಳೆಯಿಂದ ಬರಬೇಡ" ಎನ್ನುತ್ತಾರೋ ಗೊತ್ತಿಲ್ಲ. ಹೀಗಿರುವಾಗ ಕೆಟ್ಟ ಮಾತು, ಕೆಟ್ಟ ಮುಟ್ಟುವಿಕೆ ಯಾವುದರ ಮೇಲೂ ದೂರು ಕೊಡಲು ಬಾಯಿ ಬರುವುದಿಲ್ಲ. ಲೈಂಗಿಕ ಕಿರುಕುಳ ತಡೆಯಲು 2013ರ ಕಾಯ್ದೆಯಿದೆ, ಆಂತರಿಕ ದೂರು ಸಮಿತಿ ಇರಬೇಕು ಎಂಬ ನಿಯಮವಿದೆ. ಆ ಸಮಿತಿಯ ಬಾಗಿಲು ತಟ್ಟಿದರೆ ಕೆಲಸ ಉಳಿಯುತ್ತದೆ ಎಂಬ ಭರವಸೆ ಮಾತ್ರ ಇಲ್ಲ.

ಸಂಜೆ ಮನೆಗೆ ಬಂದರೆ ಎರಡನೇ ಪಾಳಿ ಶುರು. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಗಂಡನ ಕೆಲಸ ಹೋದರೆ ಈ ಲೆಕ್ಕ ತಲೆಕೆಳಗಾಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ಮಾರಿಯೆಂತಾಲ್‌ನ ಹೆಂಗಸರನ್ನು ನೆನೆಯಬೇಕು. ಸ್ವಸಹಾಯ ಸಂಘದ ವಾರದ ಕಂತು ಕಟ್ಟುವ ಹೊಣೆಯೂ ಅವಳ ಹೆಸರಿಗೇ ಇರುತ್ತದೆ. ಕೆಲಸ ಇರಲಿ ಬಿಡಲಿ, ಕಂತಿನ ದಿನ ತಪ್ಪುವುದಿಲ್ಲ. ಸಾಲ ವಸೂಲಿಯ ಕಿರುಕುಳ ಮಿತಿಮೀರಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಇಷ್ಟೆಲ್ಲ ಹೊತ್ತವಳು ಡಾಕ್ಟರ ಮುಂದೆ ಕೂತಾಗ "ನನಗೆ ಬೇಸರ, ಭಯ" ಎಂದು ಹೇಳುವುದು ಅಪರೂಪ. ಸುಸ್ತು ಎನ್ನುತ್ತಾಳೆ. ಸೊಂಟನೋವು, ತಲೆಸುತ್ತು, ಕೈಕಾಲು ಜೋಮು, ಬಿಳಿ ಹೋಗುತ್ತಿದೆ ಎನ್ನುತ್ತಾಳೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಮ್ಮ ನೆರೆಯ ಗೋವಾದಲ್ಲಿ ಈ ಬಿಳಿ ಹೋಗುವ ದೂರನ್ನೇ ಹಿಡಿದು ಅಧ್ಯಯನ ಮಾಡಿದರು. ಅದಕ್ಕೆ ಸೋಂಕಿಗಿಂತ ಮನಸ್ಸಿನ ಸಂಕಟ, ಬದುಕಿನ ಒತ್ತಡಗಳ ಜೊತೆಗೇ ಹೆಚ್ಚು ನಂಟು ಕಂಡಿತು. ನಮ್ಮ ಹೆಂಗಸರು ಮನಸ್ಸಿನ ನೋವನ್ನು ಮೈಯ ಭಾಷೆಯಲ್ಲಿ ಆಡುತ್ತಾರೆ. ಕೇಳಿಸಿಕೊಳ್ಳುವವರಿಗೆ ಪುರುಸೊತ್ತಿಲ್ಲದ ಹೊರರೋಗಿ ವಿಭಾಗದಲ್ಲಿ ಅವರ ಕೈಗೆ ಸಿಗುವುದು ಕಬ್ಬಿಣದ ಮಾತ್ರೆ, ಒಂದು ನೋವಿನ ಮಾತ್ರೆ, ಒಂದು ಬಿ ಕಾಂಪ್ಲೆಕ್ಸ್.

ಏಪ್ರಿಲ್ 2016ರ ಎರಡು ದಿನ

ಗಾರ್ಮೆಂಟ್ಸ್‌ನ ಆ ಹೆಂಗಸರು ಒಮ್ಮೆ ಬಾಯಿ ತೆರೆದಿದ್ದರು. ಕೆಲಸ ಬಿಟ್ಟಾಗ ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆ, ಮೈಸೂರು ರಸ್ತೆಗಳಿಗೆ ಸಾವಿರ ಸಾವಿರ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಳಿದರು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಊರು ನಿಂತುಹೋಯಿತು. ಎರಡನೇ ದಿನವೇ ಕೇಂದ್ರ ನಿಯಮ ಹಿಂತೆಗೆದುಕೊಂಡಿತು.

ನಿವೃತ್ತಿಯ ಹಣವನ್ನು ಈಗಲೇ ಕೇಳುವುದು ದೂರದೃಷ್ಟಿ ಇಲ್ಲದ ಮಾತು ಎಂದು ಅಂದು ಕೆಲವರು ಬುದ್ಧಿ ಹೇಳಿದ್ದುಂಟು. ನನಗೆ ಅದು ತೀರ ಅನ್ಯಾಯದ ಮಾತು ಅನಿಸುತ್ತದೆ. ಹೊಲಿಗೆ ಯಂತ್ರದ ಮುಂದೆ 58ರವರೆಗೆ ತಮ್ಮನ್ನು ಯಾರೂ ಕೂರಿಸುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕೆಲಸ ಹೋಗಿ ಇನ್ನೊಂದು ಸಿಗುವ ನಡುವಿನ ತಿಂಗಳುಗಳಲ್ಲಿ, ಮಗಳ ಕಾಲೇಜು ಫೀಸಿಗೆ, ಕೈಸಾಲ ತೀರಿಸಲಿಕ್ಕೆ ಇದ್ದದ್ದು ಅದೊಂದೇ ಗಂಟು. ಆ ಗಂಟು ಇದೆ ಎಂಬ ನೆನಪಿನಲ್ಲೇ ಅವರು ರಾತ್ರಿ ಕಣ್ಣು ಮುಚ್ಚುತ್ತಿದ್ದರು.

ಅಂಕಿಗಳನ್ನು ಓದುವಾಗ

ಗಂಡಸರಿಗೆ ಹೆಚ್ಚು ತೊಂದರೆಯೋ, ಹೆಂಗಸರಿಗೋ ಎಂದು ಒಂದೇ ಮಾತಿನ ಉತ್ತರ ಹುಡುಕುವವರು ಅಂಕಿಗಳಲ್ಲಿ ದಾರಿ ತಪ್ಪುತ್ತಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಒಟ್ಟಾರೆ ಮಾನಸಿಕ ತೊಂದರೆ ಗಂಡಸರಲ್ಲಿ 13.9%, ಹೆಂಗಸರಲ್ಲಿ 7.5%. ಈ ಅಂತರದ ಬಹುಭಾಗ ಕುಡಿತದಂಥ ವ್ಯಸನಗಳದು. ಖಿನ್ನತೆ, ಆತಂಕಗಳನ್ನು ಮಾತ್ರ ತೆಗೆದುಕೊಂಡರೆ ಹೆಂಗಸರ ಪ್ರಮಾಣವೇ ಹೆಚ್ಚು.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು, ಅಂದರೆ 42,004 ಜನ, ದಿನಗೂಲಿಯವರು. ಸತ್ತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಗೃಹಿಣಿಯರು. ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ, ಪೊಲೀಸರ ಕಡತದ ಒಂದು ಸಾಲು ಅದನ್ನು ಹಿಡಿದಿಡಲಾರದು. ಆದರೆ 'ಗೃಹಿಣಿ' ಎಂದು ಬರೆದ ಎಡೆಯಲ್ಲಿ ಮನೆಯಲ್ಲೇ ಅಗರಬತ್ತಿ ಹೊಸೆಯುವವಳು, ಬೀಡಿ ಕಟ್ಟುವವಳು, ಗುತ್ತಿಗೆ ಮುಗಿದು ಮನೆಗೆ ಬಂದವಳು ಎಷ್ಟು ಜನ ಇದ್ದಾರೋ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಕೆಲಸ ಹೋದ ಗಂಡಸು ನಿರುದ್ಯೋಗಿ ಎನಿಸಿಕೊಳ್ಳುತ್ತಾನೆ. ಕೆಲಸ ಹೋದ ಹೆಂಗಸು ಗೃಹಿಣಿಯಾಗಿಬಿಡುತ್ತಾಳೆ, ಅವಳು ಕಳೆದುಕೊಂಡದ್ದಕ್ಕೆ ಲೆಕ್ಕವೇ ಸಿಗುವುದಿಲ್ಲ.

ಪತ್ರ ಕೈಗೆ ಬಂದ ದಿನ

ಇದಕ್ಕೆ ಮದ್ದೇನು? ಕಂಪನಿಗಳು ಯೋಗ ಶಿಬಿರ ಮಾಡಿಸುತ್ತವೆ, ಮನಸ್ಸನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಬಗ್ಗೆ ಭಾಷಣ ಏರ್ಪಡಿಸುತ್ತವೆ. ಬೇಡ ಎನ್ನುವುದಿಲ್ಲ. ಖಿನ್ನತೆ ಮತ್ತು ಆತಂಕದಿಂದ ಜಗತ್ತು ವರ್ಷಕ್ಕೆ 1,200 ಕೋಟಿ ದುಡಿಮೆಯ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಜೊತೆಗೆ, ದುಡಿಯುವವರನ್ನು ತಿದ್ದುವುದಕ್ಕಷ್ಟೇ ನಿಲ್ಲದೆ ದುಡಿಮೆಯ ಜಾಗವನ್ನೂ ತಿದ್ದಿ ಎಂದಿತು. ಗುತ್ತಿಗೆ ಮುಗಿಯುವ ವಾರದಲ್ಲಿ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಯಾರಿಗೆ ನಿದ್ದೆ ಬರುತ್ತದೆ?

ನಿಜವಾದ ಮದ್ದು ಹೇಗಿರುತ್ತದೆ ಎಂಬುದನ್ನು ಬೆಂಗಳೂರು 2025ರ ಮೇ ದಿನದಂದು ಕಂಡಿತು. ವರ್ಷಗಟ್ಟಲೆ ಗುತ್ತಿಗೆದಾರರ ಕೈಯಲ್ಲಿದ್ದು, ತಿಂಗಳುಗಟ್ಟಲೆ ಸಂಬಳಕ್ಕೆ ಕಾದು, ಹೋರಾಡಿ ಹೋರಾಡಿ ಬಂದ 12,692 ಪೌರಕಾರ್ಮಿಕರಿಗೆ ಅಂದು ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಹೆಂಗಸರು, ದಲಿತ ಸಮುದಾಯದವರು. ಪೊರಕೆ ಅದೇ, ಬೀದಿ ಅದೇ. ಆದರೆ ಮೇಸ್ತ್ರಿಯ ಮುಖ ನೋಡಿ ದಿನ ಶುರು ಮಾಡುವುದು ತಪ್ಪಿತು. ಅದೇ ವರ್ಷ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ಕಾನೂನು ತಂದಿತು. ಪ್ರತಿ ಆರ್ಡರ್‌ನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿ 1ರಿಂದ 5%ವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣ ತಿಳಿಸದೆ, 14 ದಿನ ಮೊದಲು ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಬೆಳಿಗ್ಗೆ ಎದ್ದಾಗ ಐಡಿ ಬ್ಲಾಕ್ ಆಗಿರುತ್ತದೋ ಏನೋ ಎಂದು ಹೆದರಿ ಮೊಬೈಲ್ ತೆರೆಯುವ ಹುಡುಗನಿಗೆ ಈ 14 ದಿನ ಸಣ್ಣದಲ್ಲ, ಅದು ಜಾರಿಯಾಗುವುದಾದರೆ.

ಅಲ್ಲಿಯವರೆಗೆ ಸಂಕಟದಲ್ಲಿರುವವರು ಎಲ್ಲಿಗೆ ಹೋಗಬೇಕು? ಸಾಮಾನ್ಯ ಮಾನಸಿಕ ತೊಂದರೆ ಇರುವ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ನಿಮ್ಹಾನ್ಸ್ ಸಮೀಕ್ಷೆ ಹೇಳಿದೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ಒಳ್ಳೆಯ ಯೋಜನೆ. ಬರುವ ದಿನ ಮಂಗಳವಾರ. ದಿನಗೂಲಿಯವರಿಗೆ ಮಂಗಳವಾರ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅಂದಿನ ಕೂಲಿ ಹೋಯಿತು. ಗಾರ್ಮೆಂಟ್ಸ್‌ನವಳು ರಜೆ ಕೇಳಿದರೆ ಕಾರಣ ಹೇಳಬೇಕು, ಆ ಕಾರಣವನ್ನು ಲೈನಿನಲ್ಲಿ ಯಾರ ಮುಂದೆ ಹೇಳುವುದು?

2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ನಿಮ್ಹಾನ್ಸ್ ಅದರ ಕೇಂದ್ರ. ಕರೆಗೆ ದುಡ್ಡಿಲ್ಲ, ಹೆಸರು ಹೇಳಬೇಕೆಂಬ ಒತ್ತಾಯವಿಲ್ಲ, ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತದೆ. ರಾತ್ರಿ ಹತ್ತೂವರೆಗೆ ಪಾತ್ರೆ ತೊಳೆದಿಟ್ಟು, ಮಕ್ಕಳು ಮಲಗಿದ ಮೇಲೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮಾಡಬಹುದು. ಇಡೀ ಹಗಲು ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದವನು ಅಲ್ಲೇ ಕೂತು ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.